ಶೂನ್ಯ ವೀರ್ಯಾಣು, ಎಫ್‌ಎಸ್‌ಎಚ್ 0.2: ಮೈಕ್ರೋ-ಟೀಸೆ ರದ್ದಾದ ಒಂದು ಪ್ರಕರಣ

ಗಂಡನಿಗೆ 32, ಹೆಂಡತಿಗೆ 29. ಮದುವೆಯಾಗಿ ನಾಲ್ಕು ವರ್ಷ, ಮಗು ಬೇಕೆಂದು ನಿರ್ಧರಿಸಿ ಎರಡು ವರ್ಷ. ಮನೆ ಬೊಮ್ಮನಹಳ್ಳಿ ಕಡೆ, ಗಂಡನ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಎರಡನೇ ಅಭಿಪ್ರಾಯ ಕೇಳಲು ಬಂದಾಗ ಕೈಯಲ್ಲಿ ದಪ್ಪ ಫೈಲ್ ಇತ್ತು. ಹೆಂಡತಿಗೆ ಅಂಡಾಶಯ ಉತ್ತೇಜಿಸುವ ಇಂಜೆಕ್ಷನ್‌ಗಳ ದಿನಾಂಕ ಆಗಲೇ ಗೊತ್ತಾಗಿತ್ತು. ಅಂಡಾಣು ತೆಗೆಯುವ ದಿನವೇ ಗಂಡನಿಗೆ ಮೈಕ್ರೋ-ಟೀಸೆ, ಅಂದರೆ ವೃಷಣವನ್ನು ತೆರೆದು ಸೂಕ್ಷ್ಮದರ್ಶಕದಡಿ ವೀರ್ಯಾಣು ಹುಡುಕುವ ಶಸ್ತ್ರಚಿಕಿತ್ಸೆ. ಅಲ್ಲೂ ಸಿಗದಿದ್ದರೆ ದಾನಿಯ ವೀರ್ಯಾಣು ಬಳಸಲು ಒಪ್ಪಿಗೆ ಪತ್ರವೂ ಸಿದ್ಧವಾಗಿತ್ತು, ಸಹಿಯೊಂದು ಬಾಕಿ.

ಯಾರ ಗುರುತೂ ಸಿಗಬಾರದೆಂದು ಈ ದಂಪತಿಯನ್ನು ಇಂಥ ಹಲವು ಪ್ರಕರಣಗಳಲ್ಲಿ ಪದೇ ಪದೇ ಕಾಣುವ ಲಕ್ಷಣಗಳಿಂದ ಕಟ್ಟಲಾಗಿದೆ. ಅವರ ರಿಪೋರ್ಟಿನ ಅಂಕಿಗಳು ಮಾದರಿ ಅಂಕಿಗಳು. ಅಧ್ಯಯನಗಳ ಅಂಕಿಗಳು ಪ್ರಕಟಿತ ಪ್ರಬಂಧಗಳವು.

ಫೈಲಿನಲ್ಲಿ ಏನಿತ್ತು

ಮೂರು ವಾರಗಳ ಅಂತರದಲ್ಲಿ ಎರಡು ವೀರ್ಯ ಪರೀಕ್ಷೆ, ಎರಡರಲ್ಲೂ ವೀರ್ಯಾಣು ಇಲ್ಲ. ಪ್ರಮಾಣ 2.4 ಮಿ.ಲೀ., ಪಿಎಚ್ 7.8, ಫ್ರಕ್ಟೋಸ್ ಇದೆ. ಕ್ರೋಮೋಸೋಮ್ ಪರೀಕ್ಷೆ 46 ಎಕ್ಸ್‌ವೈ, ವೈ ಕ್ರೋಮೋಸೋಮಿನಲ್ಲಿ ತುಂಡು ಕಳೆದಿಲ್ಲ. ವೃಷಣದ ಸ್ಕ್ಯಾನ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಹಾರ್ಮೋನಿನಲ್ಲಿ ಒಂದೇ ಒಂದು ಸಾಲು: ಎಫ್‌ಎಸ್‌ಎಚ್ 0.2. ವೀರ್ಯಾಣು ಉತ್ಪಾದನೆಗೆಂದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕಳಿಸುವ ಹಾರ್ಮೋನ್ ಇದು. ಅದೇ ಗ್ರಂಥಿಯ ಇನ್ನೊಂದು ಹಾರ್ಮೋನ್ ಎಲ್‌ಎಚ್ ಮಾಡಿಸಿಲ್ಲ, ಟೆಸ್ಟೋಸ್ಟೆರಾನ್ ಮಾಡಿಸಿಲ್ಲ. ಹೆಂಡತಿಯ ಎಎಂಎಚ್ (ಉಳಿದಿರುವ ಅಂಡಾಣುಗಳ ಅಂದಾಜು ಕೊಡುವ ಹಾರ್ಮೋನ್) 2.4, ಗರ್ಭನಾಳಗಳು ಎರಡೂ ತೆರೆದಿವೆ, ಮುಟ್ಟು ಕ್ರಮವಾಗಿದೆ.

ಮನೆಯಲ್ಲಿ ಸಂಗ್ರಹಿಸಿದ ಮಾದರಿಯನ್ನು ಸಿಲ್ಕ್ ಬೋರ್ಡ್ ದಾಟಿ ಜಯನಗರದ ಲ್ಯಾಬಿಗೆ ತರುವಷ್ಟರಲ್ಲಿ ತಡವಾಗಿದ್ದೇ ಇದಕ್ಕೆ ಕಾರಣವಿರಬಹುದೇ ಎಂದು ಹೆಂಡತಿ ಕೇಳಿದ್ದರು. ಬೆಂಗಳೂರಿನಲ್ಲಿ ಇದು ನ್ಯಾಯವಾದ ಅನುಮಾನವೇ. ಮಾದರಿಯನ್ನು 20ರಿಂದ 37 ಡಿಗ್ರಿಯಲ್ಲಿಟ್ಟು ಅರ್ಧ ಗಂಟೆಯೊಳಗೆ, ತೀರಾ ತಡವೆಂದರೆ ಒಂದು ಗಂಟೆಯೊಳಗೆ ಪರೀಕ್ಷೆಗೆ ಹಚ್ಚಬೇಕು. ಆದರೆ ಟ್ರಾಫಿಕ್‌ನಲ್ಲಿ ಕೆಡುವುದು ವೀರ್ಯಾಣುಗಳ ಚಲನೆ. ಸತ್ತ ವೀರ್ಯಾಣುವೂ ಎಣಿಕೆಗೆ ಸಿಗುತ್ತದೆ. ತಡವಾದ ಮಾತ್ರಕ್ಕೆ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ.

ಸೊನ್ನೆ ಎಂದು ಬರೆಯುವ ಮೊದಲು ಲ್ಯಾಬ್ ಮಾಡಬೇಕಾದ ಕೆಲಸ ಇನ್ನೊಂದಿದೆ. ಮಾದರಿಯನ್ನು ಸೆಂಟ್ರಿಫ್ಯೂಜ್‌ನಲ್ಲಿ 3000 ಜಿ ಬಲದಲ್ಲಿ 15 ನಿಮಿಷ ತಿರುಗಿಸಿ, ತಳದಲ್ಲಿ ಕೂತ ಗಸಿಯನ್ನು ಇಡಿಯಾಗಿ ನೋಡಬೇಕು. ಹಳೆಯ ರಿಪೋರ್ಟಿನಲ್ಲಿ ‘3000 ಆರ್‌ಪಿಎಂ, 10 ನಿಮಿಷ’ ಎಂದಿತ್ತು. ಜಿ ಬೇರೆ, ಆರ್‌ಪಿಎಂ ಬೇರೆ. ರೋಟರಿನ ತ್ರಿಜ್ಯ 10 ಸೆಂ.ಮೀ. ಇದ್ದರೆ 3000 ಆರ್‌ಪಿಎಂಗೆ ಬರುವುದು ಸುಮಾರು 1000 ಜಿ ಮಾತ್ರ. 3000 ಜಿ ಬೇಕಾದರೆ 5200ರ ಹತ್ತಿರ ತಿರುಗಿಸಬೇಕು. ಬಲ ಕಡಿಮೆಯಾದರೆ ಅಲ್ಲೊಂದು ಇಲ್ಲೊಂದು ಇರುವ ವೀರ್ಯಾಣು ಮೇಲಿನ ದ್ರವದಲ್ಲೇ ಉಳಿದು ಚೆಲ್ಲಿಹೋಗುತ್ತದೆ. ಹಾಗಾಗಿ ಮೂರನೇ ಮಾದರಿಯನ್ನು ಸರಿಯಾದ ಬಲದಲ್ಲಿ ತಿರುಗಿಸಿ ನೋಡಲಾಯಿತು. ಆಗಲೂ ಸೊನ್ನೆಯೇ.

0.2 ಅನ್ನು ಓದಿದ ರೀತಿ

ಎಡವಿದ್ದು ಇಲ್ಲೇ. ವೀರ್ಯಾಣು ಇಲ್ಲದ ಗಂಡಸರನ್ನು ಎರಡೇ ಗುಂಪು ಮಾಡುವ ರೂಢಿ ಬಹಳ ಕಡೆ ಇದೆ. ಎಫ್‌ಎಸ್‌ಎಚ್ ಏರಿದ್ದು ವೃಷಣ ಚಿಕ್ಕದಿದ್ದರೆ ಉತ್ಪಾದನೆಯೇ ಕುಂಠಿತ. ಎಫ್‌ಎಸ್‌ಎಚ್ ಏರಿಲ್ಲ, ವೃಷಣದ ಗಾತ್ರವೂ ಪರವಾಗಿಲ್ಲ ಅಂದರೆ ದಾರಿಯಲ್ಲಿ ಎಲ್ಲೋ ಅಡ್ಡಿ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಗಡಿಯನ್ನೂ ಕೊಟ್ಟಿದೆ: ಎಫ್‌ಎಸ್‌ಎಚ್ 7.6, ವೃಷಣದ ಉದ್ದ 4.6 ಸೆಂ.ಮೀ. ಈ ಗಡಿ ಕೆಲಸಕ್ಕೆ ಬರುತ್ತದೆ, ನಿಜ. ಆದರೆ ಗಡಿಯ ಮೇಲಿನ ಅಂಕಿಯನ್ನೇ ಹುಡುಕುವ ಕಣ್ಣಿಗೆ 0.2 ಕೂಡ ‘ಏರಿಲ್ಲ’ ಎಂದೇ ಕಾಣುತ್ತದೆ. ಈ ಫೈಲಿನಲ್ಲಿ ಆದದ್ದೂ ಅದೇ. ಏರಿಲ್ಲ, ಆದ್ದರಿಂದ ಅಡ್ಡಿ, ಆದ್ದರಿಂದ ವೃಷಣದೊಳಗೆ ವೀರ್ಯಾಣು ಇದ್ದೇ ಇರುತ್ತದೆ, ತೆರೆದು ತೆಗೆದರಾಯಿತು.

ಆರೋಗ್ಯವಂತ ಗಂಡಸಿನ ಎಫ್‌ಎಸ್‌ಎಚ್ 0.2 ಇರುವುದಿಲ್ಲ. ಅಷ್ಟು ಕೆಳಗಿದ್ದರೆ ಪಿಟ್ಯುಟರಿ ಸುಮ್ಮನಾಗಿದೆ ಎಂದರ್ಥ. ಇದು ಮೂರನೇ ಗುಂಪು. ಹುಟ್ಟಿನಿಂದಲೇ ಇರುವ ಕಾಲ್‌ಮನ್ ಸಿಂಡ್ರೋಮ್, ಪಿಟ್ಯುಟರಿ ಗಡ್ಡೆ, ಪ್ರೊಲ್ಯಾಕ್ಟಿನ್ ಏರಿಕೆ, ಹೊರಗಿನಿಂದ ಬಂದ ಟೆಸ್ಟೋಸ್ಟೆರಾನ್ ಅಥವಾ ಅದರ ಬಂಧುಗಳು, ಎಲ್ಲವೂ ಈ ಗುಂಪಿನವು. ಎಲ್‌ಎಚ್, ಟೆಸ್ಟೋಸ್ಟೆರಾನ್, ಪ್ರೊಲ್ಯಾಕ್ಟಿನ್ ಮೂರನ್ನೂ ಬೆಳಗ್ಗೆಯ ರಕ್ತದಲ್ಲಿ ಒಟ್ಟಿಗೆ ಮಾಡಿಸಲಾಯಿತು. ಖರ್ಚು ಒಂದೆರಡು ಸಾವಿರ ರೂಪಾಯಿಯದು; ಫೈಲಿನಲ್ಲಿದ್ದ ಜೆನೆಟಿಕ್ ಪರೀಕ್ಷೆಗಳಿಗೆ ಹೋಲಿಸಿದರೆ ಏನೂ ಅಲ್ಲ. ಫಲಿತಾಂಶ ಹೀಗಿತ್ತು: ಎಲ್‌ಎಚ್ 0.1ಕ್ಕಿಂತ ಕಡಿಮೆ, ಪ್ರೊಲ್ಯಾಕ್ಟಿನ್ 9, ಒಟ್ಟು ಟೆಸ್ಟೋಸ್ಟೆರಾನ್ 1640 ನ್ಯಾನೋಗ್ರಾಂ. ಸಾಮಾನ್ಯವಾಗಿ ಇದು 300ರಿಂದ 1000ದೊಳಗೆ ಇರುತ್ತದೆ.

ಟೆಸ್ಟೋಸ್ಟೆರಾನ್ ಮಾಡು ಎಂದು ಹೇಳುವ ಎಲ್‌ಎಚ್ ಇಲ್ಲ, ಟೆಸ್ಟೋಸ್ಟೆರಾನ್ ಮಾತ್ರ ಧಾರಾಳವಾಗಿದೆ. ಈ ಜೋಡಿ ಸಿಕ್ಕರೆ ಬಹುಪಾಲು ಉತ್ತರ ಹೊರಗಿನಿಂದ ಹಾಕಿಕೊಂಡ ಟೆಸ್ಟೋಸ್ಟೆರಾನ್ ಸೂಜಿಯೇ. ಎಂಆರ್‌ಐ ಬೇಕಾಗಲಿಲ್ಲ.

ಮೈ ನೋಡಿ ಪರೀಕ್ಷಿಸಿದ್ದರೂ ಸುಳಿವು ಸಿಗುತ್ತಿತ್ತು. ಹೆಗಲ ಮೇಲೆ, ಬೆನ್ನಿನ ಮೇಲೆ ಹೊಸ ಮೊಡವೆಗಳು. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) 53.5ಕ್ಕೆ ಏರಿದೆ, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) 26ಕ್ಕೆ ಇಳಿದಿದೆ. ವೃಷಣದ ಗಾತ್ರ ಹೋಲಿಸಿ ನೋಡುವ ಪ್ರಾಡರ್ ಮಣಿಸರದಲ್ಲಿ ಅಳೆದರೆ ಬಲ ವೃಷಣ 13, ಎಡದ್ದು 12 ಮಿ.ಲೀ., ಎರಡೂ ಮೆತ್ತಗೆ. ವಯಸ್ಕರಲ್ಲಿ ಸಾಮಾನ್ಯವಾಗಿ 15ಕ್ಕಿಂತ ಹೆಚ್ಚಿರುತ್ತದೆ. ವೀರ್ಯನಾಳಗಳು ಎರಡೂ ಬೆರಳಿಗೆ ಸಿಕ್ಕವು.

ಸೂಜಿಯ ವಿಷಯ

‘ಏನಾದರೂ ಔಷಧಿ ತಗೋತೀರಾ?’ ಎಂಬ ಪ್ರಶ್ನೆಗೆ ಮೊದಲ ಉತ್ತರ ‘ಇಲ್ಲ ಸಾರ್, ಬರೀ ಪ್ರೋಟೀನ್ ಪೌಡರ್.’ ಅವರು ಸುಳ್ಳು ಹೇಳುತ್ತಿರಲಿಲ್ಲ. ಜಿಮ್‌ನಲ್ಲಿ ಹಾಕುವುದನ್ನು ಯಾರೂ ಔಷಧಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಜಿಮ್‌ನಲ್ಲಿ ಸೈಕಲ್ ಹಾಕಿದ್ದೀರಾ? ಟೆಸ್ಟೋ, ಡೆಕಾ?’ ಎಂದು, ಅಂದರೆ ಸ್ಟೀರಾಯ್ಡ್ ಸೂಜಿಯ ಸುತ್ತು ಹಾಕಿಕೊಂಡಿದ್ದೀರಾ ಎಂದು, ಅವರದೇ ಮಾತಿನಲ್ಲಿ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಪಕ್ಕದಲ್ಲಿದ್ದ ಹೆಂಡತಿಯೇ ಬಾಯಿ ಬಿಟ್ಟರು: ‘ರೀ, ಫ್ರಿಜ್ ಮೇಲೆ ಡಬ್ಬಿಯಲ್ಲಿ ಇಟ್ಟಿದ್ದೀರಲ್ಲ, ಅದಲ್ವಾ?’

ಮೂರು ವರ್ಷದ ಹಿಂದೆ ಶುರು. ವಾರಕ್ಕೆ 250 ಮಿ.ಗ್ರಾಂ. ಟೆಸ್ಟೋಸ್ಟೆರಾನ್ ಎನಾಂಥೇಟ್, 12 ವಾರ. ಆಮೇಲೆ ಎರಡು ತಿಂಗಳು ಬಿಡುವು. ಎರಡನೇ ಸುತ್ತಿನಲ್ಲಿ ಅದರ ಜೊತೆ ನ್ಯಾಂಡ್ರೊಲೋನ್, ಜಿಮ್‌ನವರ ಡೆಕಾ. ಕಳೆದ ಒಂಬತ್ತು ತಿಂಗಳಿಂದ ಬಿಡುವೇ ಇಲ್ಲ. ‘ಬಿಟ್ಟರೆ ಸೈಜ್ ಹೋಗುತ್ತೆ ಅಣ್ಣ, ಕ್ರೂಸ್ ಮಾಡಿ’ ಎಂಬುದು ಟ್ರೈನರ್ ಕೊಟ್ಟ ಸಲಹೆ, ಅಂದರೆ ನಿಲ್ಲಿಸದೆ ಮುಂದುವರಿಸಿ ಎಂದು. ಸುತ್ತು ಮುಗಿದಾಗ ಎರಡು ವಾರ ಕ್ಲೋಮಿಫೀನ್ ಮಾತ್ರೆ ನುಂಗಿದ್ದೂ ಉಂಟು, ಅದಕ್ಕೆ ಪಿಸಿಟಿ ಎಂದು ಹೆಸರು. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿಗಳಿವು. ಕೊನೆಯ ಸೂಜಿ ಬಿದ್ದದ್ದು ರಕ್ತ ಕೊಡುವ ಮೂರು ದಿನ ಮುಂಚೆ.

ಅವರಿಗೆ ನಂಬಲು ಕಷ್ಟವಾದದ್ದು ಬೇರೆಯದು. ಆಸಕ್ತಿ ಚೆನ್ನಾಗಿದೆ, ನಿಮಿರುವಿಕೆ ಚೆನ್ನಾಗಿದೆ, ವೀರ್ಯವೂ ಬರುತ್ತಿದೆ, ಮತ್ತೆ ತೊಂದರೆ ಎಲ್ಲಿ? ವೀರ್ಯದ ದ್ರವದಲ್ಲಿ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳದು. ಅವು ರಕ್ತದಲ್ಲಿರುವ ಟೆಸ್ಟೋಸ್ಟೆರಾನ್‌ನಿಂದಲೇ ನಡೆಯುತ್ತವೆ, ಅದು ಎಲ್ಲಿಂದ ಬಂತೆಂದು ಕೇಳುವುದಿಲ್ಲ. ವೀರ್ಯಾಣು ಹುಟ್ಟುವ ನಾಳಗಳ ಕಥೆ ಹಾಗಲ್ಲ. ಅವಕ್ಕೆ ವೃಷಣದೊಳಗೇ ತಯಾರಾದ ಟೆಸ್ಟೋಸ್ಟೆರಾನ್ ಬೇಕು, ಅದೂ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಸಾಂದ್ರವಾಗಿ. ಅಪಾರ್ಟ್‌ಮೆಂಟ್‌ನ ಓವರ್‌ಹೆಡ್ ಟ್ಯಾಂಕ್‌ಗೆ ಹೊರಗಿನ ಟ್ಯಾಂಕರ್ ನೀರು ಸುರಿದರೆ ಸೆನ್ಸರ್‌ಗೆ ಟ್ಯಾಂಕ್ ತುಂಬಿದಂತೆ ಕಾಣುತ್ತದೆ, ಬೋರ್‌ವೆಲ್ ಮೋಟರ್ ಆನ್ ಆಗುವುದಿಲ್ಲ. ಇಲ್ಲಿ ಸೆನ್ಸರ್ ಎಂದರೆ ಹೈಪೋಥಲಾಮಸ್ ಮತ್ತು ಪಿಟ್ಯುಟರಿ. ರಕ್ತ ತುಂಬಿದೆ ಎಂದು ಅವು ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತವೆ, ವೃಷಣ ಒಣಗುತ್ತದೆ.

ಎಷ್ಟರ ಮಟ್ಟಿಗೆ ಎಂಬುದನ್ನು ಅಳೆದವರಿದ್ದಾರೆ. 2005ರಲ್ಲಿ ಕೊವಿಯೆಲ್ಲೊ ಮತ್ತು ಸಂಗಡಿಗರು 29 ಆರೋಗ್ಯವಂತ ಗಂಡಸರಿಗೆ ವಾರಕ್ಕೆ 200 ಮಿ.ಗ್ರಾಂ. ಟೆಸ್ಟೋಸ್ಟೆರಾನ್ ಎನಾಂಥೇಟ್ ಕೊಟ್ಟು, ವೃಷಣದೊಳಗಿನ ದ್ರವವನ್ನೇ ಸೂಜಿಯಿಂದ ತೆಗೆದು ನೋಡಿದರು. ಮೂರು ವಾರದಲ್ಲಿ ಒಳಗಿನ ಟೆಸ್ಟೋಸ್ಟೆರಾನ್ 94 ಶೇಕಡಾ ಕುಸಿದಿತ್ತು. ಜೊತೆಗೆ ದಿನ ಬಿಟ್ಟು ದಿನ 250 ಐಯು ಎಚ್‌ಸಿಜಿ ಪಡೆದವರಲ್ಲಿ ಕುಸಿತ ಕೇವಲ 7 ಶೇಕಡಾ, 500 ಐಯು ಪಡೆದವರಲ್ಲಿ ಮೊದಲಿಗಿಂತ 26 ಶೇಕಡಾ ಹೆಚ್ಚೇ ಇತ್ತು. ಎಚ್‌ಸಿಜಿ ಎಲ್‌ಎಚ್‌ನ ಜಾಗದಲ್ಲಿ ಕೂತು ಕೆಲಸ ಮಾಡುತ್ತದೆ. ಈ ದಂಪತಿಯ ಚಿಕಿತ್ಸೆಗೆ ಆಧಾರ ಅದೇ.

ಪ್ರಯೋಗಾಲಯಕ್ಕೆ ಕಾಣದ ಒಂದು ಬಲೆಯನ್ನೂ ಹೇಳಬೇಕು. ಇವರು ನ್ಯಾಂಡ್ರೊಲೋನ್ ಒಂದನ್ನೇ ಹಾಕಿಕೊಂಡಿದ್ದರೆ ಎಲ್‌ಎಚ್, ಎಫ್‌ಎಸ್‌ಎಚ್‌ಗಳ ಜೊತೆ ಟೆಸ್ಟೋಸ್ಟೆರಾನ್ ಕೂಡ ಕೆಳಗೆ ಕಾಣುತ್ತಿತ್ತು. ಆಗ ಚಿತ್ರ ಥೇಟ್ ಪಿಟ್ಯುಟರಿ ಕಾಯಿಲೆಯದು. ಬಾಯಿಬಿಟ್ಟು ಕೇಳದೆ ಅದನ್ನು ಬೇರ್ಪಡಿಸುವುದು ಕಷ್ಟ.

ಗರ್ಭನಿರೋಧಕದ ಸಂಶೋಧನೆ ಇಲ್ಲಿಗೆ ಹೇಗೆ ಬಂತು

ದಂಪತಿಯ ಮುಂದಿನ ಪ್ರಶ್ನೆ: ಬಿಟ್ಟರೆ ವಾಪಸ್ ಬರುತ್ತಾ, ಎಷ್ಟು ದಿನಕ್ಕೆ? ಇದಕ್ಕೆ ಉತ್ತರ ಸಿಗುವುದು ಬಂಜೆತನದ ಪ್ರಬಂಧಗಳಿಗಿಂತ ಹೆಚ್ಚಾಗಿ ಗಂಡಸರ ಗರ್ಭನಿರೋಧಕದ ಪ್ರಬಂಧಗಳಲ್ಲಿ. ವೀರ್ಯಾಣುವನ್ನು ಬೇಕೆಂದೇ ಸೊನ್ನೆಗಿಳಿಸಿ, ಆಮೇಲೆ ಬಿಟ್ಟು, ತಿಂಗಳು ತಿಂಗಳು ಎಣಿಸಿದವರು ಆ ಸಂಶೋಧಕರೇ.

ವಿಶ್ವ ಆರೋಗ್ಯ ಸಂಸ್ಥೆ 7 ದೇಶಗಳ 10 ಕೇಂದ್ರಗಳಲ್ಲಿ 271 ಗಂಡಸರಿಗೆ ವಾರಕ್ಕೆ 200 ಮಿ.ಗ್ರಾಂ. ಟೆಸ್ಟೋಸ್ಟೆರಾನ್ ಎನಾಂಥೇಟ್ ಕೊಟ್ಟು ನಡೆಸಿದ ಪ್ರಯೋಗ 1990ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ವೀರ್ಯಾಣು ಸೊನ್ನೆಯಾದ 157 ಮಂದಿ ಮುಂದಿನ ಹಂತದಲ್ಲಿ ಬೇರೆ ಯಾವ ಗರ್ಭನಿರೋಧಕವನ್ನೂ ಬಳಸಲಿಲ್ಲ. ಅಷ್ಟೂ ಜೋಡಿಗಳಲ್ಲಿ ನಿಂತದ್ದು ಒಂದೇ ಬಸಿರು. ನಮ್ಮ ಪ್ರಕರಣದ ಗಂಡ ಹಾಕಿಕೊಳ್ಳುತ್ತಿದ್ದದ್ದು ವಾರಕ್ಕೆ 250. ಮಗು ಬೇಕೆಂದು ಪ್ರಯತ್ನಿಸುತ್ತಿದ್ದ ಆ ಎರಡು ವರ್ಷಗಳಲ್ಲಿ ಬಹುಪಾಲು ಅವರು ಗರ್ಭನಿರೋಧಕದ ಮೇಲೇ ಇದ್ದರು ಅನ್ನಬೇಕು. ಈ ಮಾತು ಕೇಳಿದ ಮೇಲೆ ಅವರಿಗೆ ಬೇರೇನೂ ವಿವರಿಸಬೇಕಾಗಲಿಲ್ಲ.

ಚೇತರಿಕೆಯ ಲೆಕ್ಕ 2006ರ ಲ್ಯಾನ್ಸೆಟ್ ಪ್ರಬಂಧದಲ್ಲಿದೆ. ಪೀಟರ್ ಲಿಯು ಮತ್ತು ಸಂಗಡಿಗರು 1990ರಿಂದ 2005ರವರೆಗಿನ 30 ಅಧ್ಯಯನಗಳ 1549 ಗಂಡಸರ ಮಾಹಿತಿಯನ್ನು ಒಟ್ಟು ಮಾಡಿದರು. ಹಾರ್ಮೋನ್ ಬಿಟ್ಟ ಮೇಲೆ ಮಿ.ಲೀ.ಗೆ 2 ಕೋಟಿ ವೀರ್ಯಾಣು ಮುಟ್ಟಲು ಮಧ್ಯಕ ಅವಧಿ (ಅರ್ಧದಷ್ಟು ಮಂದಿ ಮುಟ್ಟುವ ಹೊತ್ತು) 3.4 ತಿಂಗಳು. 6 ತಿಂಗಳಿಗೆ 67 ಶೇಕಡಾ, 12ಕ್ಕೆ 90, 16ಕ್ಕೆ 96, 24 ತಿಂಗಳಿಗೆ ಬಹುಮಟ್ಟಿಗೆ ಎಲ್ಲರೂ ಅಲ್ಲಿಗೆ ಮುಟ್ಟುವರೆಂಬ ಅಂದಾಜು.

ಈ ಅಂಕಿಗಳನ್ನು ಜಿಮ್‌ಗೆ ಹಾಗ್ಹಾಗೇ ಅನ್ವಯಿಸುವಂತಿಲ್ಲ. ಆ ಗಂಡಸರೆಲ್ಲ ಮೊದಲಿಗೆ ಸರಿಯಾದ ಎಣಿಕೆ ಇದ್ದವರು, ಡೋಸ್ ಗೊತ್ತಿತ್ತು, ಔಷಧಿ ಅಸಲಿಯಾಗಿತ್ತು. ಬಾಟಲಿಯ ಚೀಟಿಯಲ್ಲಿ ಬರೆದದ್ದೇ ಒಳಗೂ ಇದೆಯೆಂಬ ಖಾತರಿ ಜಿಮ್ ಮಾಲಿಗೆ ಇಲ್ಲ. ಸೂಜಿ ಶುರುಮಾಡುವ ಮೊದಲು ಇವರ ಎಣಿಕೆ ಎಷ್ಟಿತ್ತೆಂಬುದೂ ಗೊತ್ತಿಲ್ಲ. 2017ರಲ್ಲಿ ಪ್ರಕಟವಾದ 66 ಗಂಡಸರ ಅಧ್ಯಯನದಲ್ಲಿ, ಚಿಕಿತ್ಸೆ ಕೊಟ್ಟರೂ 12 ತಿಂಗಳಲ್ಲಿ ಚಲಿಸುವ ವೀರ್ಯಾಣು ಒಟ್ಟು 50 ಲಕ್ಷ ಮುಟ್ಟಿದ್ದು 70 ಶೇಕಡಾ ಮಂದಿಯಲ್ಲಿ. ವಯಸ್ಸು ಹೆಚ್ಚಿದ್ದಷ್ಟೂ, ಸೂಜಿ ಹಾಕಿಕೊಂಡ ಕಾಲ ಉದ್ದವಾದಷ್ಟೂ ಚೇತರಿಕೆ ನಿಧಾನ. ದಂಪತಿಗೆ ಎರಡೂ ಅಂಕಿ ಹೇಳಲಾಯಿತು. ಬರೀ ಸಿಹಿಯಾದದ್ದನ್ನು ಹೇಳಿ ಕಳಿಸಿದರೆ ಮೂರನೇ ತಿಂಗಳಿಗೆ ನಂಬಿಕೆ ಹೋಗುತ್ತದೆ.

ಚಿಕಿತ್ಸೆ

ಮೈಕ್ರೋ-ಟೀಸೆ ರದ್ದಾಯಿತು, ಹೆಂಡತಿಯ ಇಂಜೆಕ್ಷನ್‌ಗಳೂ ನಿಂತವು. ಹಾರ್ಮೋನ್ ಅದುಮಿಟ್ಟ ಸ್ಥಿತಿಯಲ್ಲಿ ವೃಷಣ ತೆರೆದರೆ ಸಿಗುವುದು ಅರೆಬೆಳೆದ ಕೋಶಗಳೇ ಹೆಚ್ಚು. ಗಾಯ, ಕಲೆ, ಖರ್ಚು ಮೂರೂ ವ್ಯರ್ಥ, ಮುಂದೆ ನಿಜಕ್ಕೂ ಬೇಕಾದಾಗ ಆ ವೃಷಣದಲ್ಲಿ ಕೆಲಸ ಇನ್ನೂ ಕಷ್ಟ.

ಎಲ್ಲ ಸೂಜಿಯೂ ಅವತ್ತೇ ಬಂದ್. ಎಚ್‌ಸಿಜಿ 2000 ಐಯು, ಚರ್ಮದಡಿ, ಸೋಮ ಬುಧ ಶುಕ್ರ. ಕ್ಲೋಮಿಫೀನ್ 25 ಮಿ.ಗ್ರಾಂ. ದಿನಾ ರಾತ್ರಿ. ಹೂಸ್ಟನ್ನಿನಿಂದ 2015ರಲ್ಲಿ ಪ್ರಕಟವಾದ 49 ಗಂಡಸರ ಸರಣಿಯಲ್ಲಿ ದಿನ ಬಿಟ್ಟು ದಿನ 3000 ಐಯು ಎಚ್‌ಸಿಜಿ, ಜೊತೆಗೆ ಕ್ಲೋಮಿಫೀನ್‌ನಂಥ ಇನ್ನೊಂದು ಔಷಧಿ ಕೊಟ್ಟಿದ್ದರು. 47 ಮಂದಿಯಲ್ಲಿ ವೀರ್ಯಾಣು ಮರಳಿತು ಅಥವಾ ಹೆಚ್ಚಿತು, ಸರಾಸರಿ 4.6 ತಿಂಗಳಿಗೆ. ಹೋಲಿಕೆಗೆ ಚಿಕಿತ್ಸೆಯಿಲ್ಲದ ಗುಂಪು ಅಲ್ಲಿರಲಿಲ್ಲ, ಹಾಗಾಗಿ ಔಷಧಿ ಎಷ್ಟು ತಿಂಗಳು ಉಳಿಸಿತೆಂದು ಅದರಿಂದ ಹೇಳಲಾಗದು. ಇಲ್ಲಿ 2000 ಆರಿಸಿದ್ದು ಅನುಕೂಲಕ್ಕೆ: ಆ ಪ್ರಮಾಣದ ವಯಲ್ ಸಿಗುತ್ತದೆ, ಪ್ರತಿ ಸಲವೂ ಇಡೀ ವಯಲ್ ಮುಗಿಯುತ್ತದೆ, ಅರ್ಧ ಉಳಿಸಿ ಫ್ರಿಜ್‌ನಲ್ಲಿಡುವ ತಂಟೆ ಇಲ್ಲ.

ಸಿರಿಂಜ್ ವಿಷಯದಲ್ಲಿ ತಪ್ಪು ಸುಲಭ. ನಮ್ಮಲ್ಲಿ ಇನ್ಸುಲಿನ್ ಸಿರಿಂಜ್‌ಗಳು 40 ಮತ್ತು 100 ಯುನಿಟ್‌ಗಳ ಎರಡು ಬಗೆ. ಅದರ ಮೇಲಿನ ಗೆರೆಗಳು ಇನ್ಸುಲಿನ್‌ನ ಲೆಕ್ಕ. ಎಚ್‌ಸಿಜಿಯ ಐಯುಗೂ ಅದಕ್ಕೂ ಸಂಬಂಧವಿಲ್ಲ. ಮಿ.ಲೀ. ಗುರುತಿರುವ ಸಾದಾ 1 ಮಿ.ಲೀ. ಸಿರಿಂಜ್ ತಂದು, ಪುಡಿಗೆ 1 ಮಿ.ಲೀ. ದ್ರಾವಕ ಸೇರಿಸಿ, ಕುಲುಕದೆ ಮೆಲ್ಲಗೆ ಉರುಳಿಸಿ ಕರಗಿಸಿ, ಪೂರ್ತಿ ಎಳೆದುಕೊಂಡು ಹೊಟ್ಟೆಯ ಚರ್ಮದಡಿ ಕೊಡುವುದು. ಹೆಂಡತಿಯೇ ಎರಡನೇ ದಿನಕ್ಕೆ ಕಲಿತರು.

ಕ್ಲೋಮಿಫೀನ್ ಯಾಕೆಂದರೆ, ಎಚ್‌ಸಿಜಿ ಎಲ್‌ಎಚ್‌ನ ಕೆಲಸ ಮಾಡುತ್ತದೆಯೇ ಹೊರತು ಎಫ್‌ಎಸ್‌ಎಚ್ ತರುವುದಿಲ್ಲ. ಅದರಿಂದ ಏರಿದ ಈಸ್ಟ್ರೋಜನ್ ಪಿಟ್ಯುಟರಿಯನ್ನು ಮತ್ತೆ ಅದುಮುತ್ತದೆ. ಆ ಹಿಡಿತವನ್ನು ಕ್ಲೋಮಿಫೀನ್ ಸಡಿಲಿಸುತ್ತದೆ. ಆರು ತಿಂಗಳಾದರೂ ವೀರ್ಯಾಣು ಕಾಣದಿದ್ದರೆ ಎಫ್‌ಎಸ್‌ಎಚ್ ಇಂಜೆಕ್ಷನ್ 75ರಿಂದ 150 ಐಯು, ವಾರಕ್ಕೆ ಮೂರು ಸಲ ಸೇರಿಸುವುದೆಂದು ಯೋಜನೆಯಲ್ಲಿ ಬರೆದಿತ್ತು. ಅದು ದುಬಾರಿ, ಮೊದಲ ದಿನವೇ ಬೇಕಿಲ್ಲ.

ವಾರಗಳ ಲೆಕ್ಕ

4ನೇ ವಾರ: ಟೆಸ್ಟೋಸ್ಟೆರಾನ್ 480, ಎಫ್‌ಎಸ್‌ಎಚ್ 0.6. ಅಂಕಿ ಚೆನ್ನಾಗಿದೆ, ಮನುಷ್ಯ ಚೆನ್ನಾಗಿಲ್ಲ. 1640ರಲ್ಲಿ ಬದುಕಿದವರಿಗೆ 480 ಅಂದರೆ ಸುಸ್ತು, ಸಿಡುಕು, ಆಸಕ್ತಿ ಅರ್ಧ. ತೂಕ ಐದು ಕಿಲೋ ಇಳಿದಿತ್ತು. ‘ಸಾರ್, ವಾರಕ್ಕೆ ಸ್ವಲ್ಪ, ಬರೀ 100 ಹಾಕ್ಕೊಂಡರೆ?’ ಎಂದು ಕೇಳಿದ್ದು ಈಗಲೇ. ಇಂಥ ಚಿಕಿತ್ಸೆ ಕೈಕೊಡುವುದು ಹೆಚ್ಚಾಗಿ ಈ ಹಂತದಲ್ಲಿ. ಔಷಧಿ ಸೋಲುವುದಲ್ಲ, ಮನುಷ್ಯ ಗುಟ್ಟಾಗಿ ಮತ್ತೆ ಸೂಜಿ ಹಿಡಿಯುತ್ತಾನೆ. ನಿದ್ದೆ, ಮನಸ್ಸಿನ ಕುಗ್ಗುವಿಕೆ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಬೇಕು. ಇದ್ದರೆ ಮನೋವೈದ್ಯರ ಬಳಿ ಕಳಿಸಬೇಕು. ಇವರಿಗೆ ಆ ಮಟ್ಟಕ್ಕೆ ಹೋಗಲಿಲ್ಲ.

12ನೇ ವಾರ: ಎಫ್‌ಎಸ್‌ಎಚ್ 1.4, ಹಿಮಟೋಕ್ರಿಟ್ 47ಕ್ಕೆ ಇಳಿದಿದೆ, ವೀರ್ಯಾಣು ಸೊನ್ನೆ. ಮೂಲ ಕೋಶವೊಂದು ವೀರ್ಯಾಣುವಾಗಲು ಸುಮಾರು 74 ದಿನ ಎಂಬುದು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಅದರ ಮೇಲೆ ಎಪಿಡಿಡಿಮಿಸ್ ಎಂಬ ಸುರುಳಿ ನಾಳ ದಾಟಲು ಒಂದೆರಡು ವಾರ. ಈ ಗಡಿಯಾರ ಓಡುವುದು ಸೂಜಿ ಬಿಟ್ಟ ದಿನದಿಂದಲ್ಲ, ಹಾರ್ಮೋನ್ ಮರಳಿದ ದಿನದಿಂದ. ನ್ಯಾಂಡ್ರೊಲೋನ್‌ನಂಥ ಎಣ್ಣೆ ಸೂಜಿ ಸ್ನಾಯುವಿನಿಂದ ನಿಧಾನಕ್ಕೆ ಇಳಿಯುವುದರಿಂದ ಆ ದಿನ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. 12ನೇ ವಾರದ ಸೊನ್ನೆಯನ್ನು ಸೋಲೆಂದು ಬರೆಯುವಂತಿಲ್ಲ.

16ನೇ ವಾರ ಗಸಿಯಲ್ಲಿ ಬೆರಳೆಣಿಕೆಯ ವೀರ್ಯಾಣು, ಎರಡು ಅಲುಗಾಡುತ್ತಿವೆ. 20ನೇ ವಾರ ಮಿ.ಲೀ.ಗೆ 8 ಲಕ್ಷ. ಅವತ್ತಿನ ಮಾದರಿಯನ್ನು ಎರಡು ವಯಲ್ ಮಾಡಿ ಘನೀಕರಿಸಲಾಯಿತು: ಮುಂದೆ ಎಣಿಕೆ ಮತ್ತೆ ಬಿದ್ದರೂ, ಅಂಡಾಣುವಿನೊಳಗೆ ಒಂದೇ ವೀರ್ಯಾಣು ಚುಚ್ಚುವ ಇಕ್ಸಿಗೆ ಇಷ್ಟು ಸಾಕು. 28ನೇ ವಾರ 60 ಲಕ್ಷ, ಮುಂದಕ್ಕೆ ಚಲಿಸುವವು 24 ಶೇಕಡಾ.

36ನೇ ವಾರ: ಮಿ.ಲೀ.ಗೆ 1.7 ಕೋಟಿ, ಪ್ರಮಾಣ 2.5 ಮಿ.ಲೀ., ಮುಂದಕ್ಕೆ ಚಲನೆ 34 ಶೇಕಡಾ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿ ಮಿ.ಲೀ.ಗೆ 1.6 ಕೋಟಿ, ಒಟ್ಟು 3.9 ಕೋಟಿ, ಮುಂದಕ್ಕೆ ಚಲನೆ 30 ಶೇಕಡಾ. ಇವರ ಒಟ್ಟು 4.25 ಕೋಟಿ. ಎಫ್‌ಎಸ್‌ಎಚ್ ಇಂಜೆಕ್ಷನ್ ಬೇಕಾಗಲೇ ಇಲ್ಲ.

ಹೆಂಡತಿಗೆ 29 ಅಲ್ಲ, 38 ಆಗಿದ್ದರೆ ಈ ದಾರಿ ಇಷ್ಟು ಸಲೀಸಲ್ಲ. ಗಂಡನ ಒಂಬತ್ತು ತಿಂಗಳಿಗೆ ಅಂಡಾಶಯ ಕಾಯುವುದಿಲ್ಲ. ಆಗ ಅವರ ಅಂಡಾಣುಗಳನ್ನು ತೆಗೆದು ಘನೀಕರಿಸಿಟ್ಟು, ಗಂಡನಲ್ಲಿ ಮೊದಲ ವೀರ್ಯಾಣು ಕಂಡ ಕೂಡಲೇ ಇಕ್ಸಿಗೆ ಹೋಗುವುದು ಸರಿ. ಸಹಜ ಎಣಿಕೆ ಬರಲಿ ಎಂದು ಕೂರಬಾರದು. ಗಂಡನಲ್ಲೂ 24 ತಿಂಗಳಾಗಿ, ಎಫ್‌ಎಸ್‌ಎಚ್ ಏರಿಯೂ ವೀರ್ಯಾಣು ಬಾರದಿದ್ದರೆ, ಸೂಜಿಯ ಹಿಂದೆ ಬೇರೆ ಕಾರಣವೊಂದು ಅಡಗಿದೆ ಎಂದುಕೊಂಡು ಮೈಕ್ರೋ-ಟೀಸೆಯ ಮಾತಿಗೆ ಮರಳಬೇಕಾಗುತ್ತದೆ.

ಇವರಿಗೆ 36ನೇ ವಾರಕ್ಕೆ ಎಚ್‌ಸಿಜಿ ನಿಂತಿತು, ಆರು ವಾರದ ನಂತರ ಕ್ಲೋಮಿಫೀನ್ ಕೂಡ. 48ನೇ ವಾರ ಯಾವ ಔಷಧಿಯೂ ಇಲ್ಲದೆ ಮಾಡಿಸಿದ ರಕ್ತದಲ್ಲಿ ಎಲ್‌ಎಚ್ 3.4, ಎಫ್‌ಎಸ್‌ಎಚ್ 4.1, ಟೆಸ್ಟೋಸ್ಟೆರಾನ್ 410. ಐಯುಐಗೂ (ವೀರ್ಯವನ್ನು ನೇರ ಗರ್ಭಾಶಯಕ್ಕೆ ಸೇರಿಸುವ ವಿಧಾನ) ಅವಸರ ಮಾಡದೆ ಆರು ತಿಂಗಳು ಸಹಜವಾಗಿ ಪ್ರಯತ್ನಿಸುವಂತೆ ಹೇಳಲಾಗಿದೆ. ಮೂರು ತಿಂಗಳಿಗೊಮ್ಮೆ ವೀರ್ಯ ಪರೀಕ್ಷೆ, ಪ್ರತಿ ಸಲವೂ ಜೊತೆಗೆ ಎಲ್‌ಎಚ್. ಗುಟ್ಟಾಗಿ ಸೂಜಿ ಮತ್ತೆ ಶುರುವಾದರೆ ಎಣಿಕೆಗಿಂತ ಮೊದಲು ಕುಸಿಯುವುದು ಅದೇ.